ಕೇಂದ್ರ ಸರ್ಕಾರದ ಕಛೇರಿಗಳ ವಿರುದ್ಧದ ವ್ಯಾಜ್ಯ: ಯಾವ ನ್ಯಾಯಾಲಯಕ್ಕೆ ಹೋಗಬೇಕು?

ಪಾಸ್‌ಪೋರ್ಟ್, ಭವಿಷ್ಯ ನಿಧಿ, ಅಂಚೆ ಮುಂತಾದ ಕೇಂದ್ರ ಸರ್ಕಾರದ ಅಧೀನದ ಕಛೇರಿಗಳ ಆದೇಶದಿಂದ ಬಾಧಿತರಾದವರು ಪರಿಹಾರಕ್ಕಾಗಿ ದೆಹಲಿಗೇ ಹೋಗಬೇಕೆಂಬ ತಪ್ಪು ತಿಳುವಳಿಕೆ ಇಂದಿಗೂ ಕೆಲವರಲ್ಲಿ ಇದೆ. ಆದ್ದರಿಂದ ಸಾರ್ವಜನಿಕರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಫೆಡರಲ್ ನ್ಯಾಯಾಲಯಗಳು ಬೇರೆ, ರಾಜ್ಯಗಳ ನ್ಯಾಯಾಲಯಗಳು ಬೇರೆ. ನಮ್ಮಲ್ಲಿ ಅಂತಹ ವಿಭಜನೆ ಇರುವುದಿಲ್ಲ. 1935ರ ಭಾರತ ಸರ್ಕಾರ ಅಧಿನಿಯಮದ ಮೇರೆಗೆ 1937ರಲ್ಲಿ ದೆಹಲಿಯಲ್ಲಿ ಫೆಡರಲ್ ನ್ಯಾಯಾಲಯವೊಂದು ಸ್ಥಾಪನೆಯಾಗಿದ್ದಿತಾದರೂ, 1950ರಲ್ಲಿ ಅದರ ಸ್ಥಾನಕ್ಕೆ ಸರ್ವೋಚ್ಚ ನ್ಯಾಯಾಲಯ ಬಂದಿತು. ತಾಲ್ಲೂಕಿನ ಸಿವಿಲ್ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಒಂದೇ ಶ್ರೇಣಿಯಿದ್ದು, ಕೇಂದ್ರದ ಕಾನೂನನ್ನೂ ರಾಜ್ಯದ ಕಾನೂನನ್ನೂ ಅವೇ ನ್ಯಾಯಾಲಯಗಳು ಅನ್ವಯಿಸುತ್ತವೆ. ಅಧೀನ ನ್ಯಾಯಾಲಯಗಳ ನಿಯಂತ್ರಣವು ಸಂವಿಧಾನದ 235ನೇ ಅನುಚ್ಛೇದದಂತೆ ಉಚ್ಚ ನ್ಯಾಯಾಲಯಕ್ಕೆ ಸೇರಿದೆ. ವಿಚಾರಣೆ ವಿಳಂಬವಾಗಿದೆಯೆಂದು ಸರ್ಕಾರದ ಇಲಾಖೆಗಳಿಗೆ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಾಗದು.

ದೆಹಲಿಯ ಮಾತು ನಿರಾಧಾರವೇನೂ ಅಲ್ಲ. ಸರ್ವೋಚ್ಚ ನ್ಯಾಯಾಲಯದ 1953 ಮತ್ತು 1961ರ ತೀರ್ಪುಗಳಂತೆ, ಸಂಬಂಧಪಟ್ಟ ಪ್ರಾಧಿಕಾರವು ಎಲ್ಲಿದೆಯೋ ಅಲ್ಲಿಯ ಉಚ್ಚ ನ್ಯಾಯಾಲಯ ಮಾತ್ರವೇ ರಿಟ್ ಹೊರಡಿಸಬಹುದಾಗಿತ್ತು. ದೆಹಲಿಯು ಆಗ ಪಂಜಾಬ್ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದುದರಿಂದ, ಕೇಂದ್ರ ಸರ್ಕಾರದ ವಿರುದ್ಧ ರಿಟ್ ಬೇಕಾದಲ್ಲಿ ಬೀದರಿನ ನಾಗರಿಕರೂ ಆ ನ್ಯಾಯಾಲಯಕ್ಕೇ ಹೋಗಬೇಕಾಗುತ್ತಿತ್ತು. ಬಡವರಿಗೆ ಇದು ಪರಿಹಾರವೇ ಇಲ್ಲದಂತೆ. 1963ರ ಸಂವಿಧಾನದ 15ನೇ ತಿದ್ದುಪಡಿಯು ಈ ತೊಡಕನ್ನು ನಿವಾರಿಸಿತು. ವ್ಯಾಜ್ಯಕಾರಣವು ಪೂರ್ಣವಾಗಿ ಅಥವಾ ಭಾಗಶಃ ಎಲ್ಲಿ ಉದ್ಭವಿಸಿದೆಯೋ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೂ ಅಧಿಕಾರ ದೊರೆಯಿತು. ಸದರಿ ಉಪಬಂಧವು ಪ್ರಸ್ತುತ 226(2)ನೇ ಅನುಚ್ಛೇದದಲ್ಲಿದೆ. ಅದರಂತೆ ಬೀದರಿನವರು ಈಗ ಕಲಬುರಗಿ ಪೀಠದಲ್ಲಿಯೇ ರಿಟ್ ಅರ್ಜಿ ಸಲ್ಲಿಸಬಹುದು. ಧಾರವಾಡ ಮತ್ತು ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ, 2013ರಿಂದ ಖಾಯಂ ಪೀಠಗಳಾಗಿವೆ.

ಆದರೆ ಅರ್ಜಿದಾರರು ಇಲ್ಲಿ ವಾಸವಾಗಿದ್ದಾರೆಂಬುದಷ್ಟೇ ಸಾಲದು. ವ್ಯಾಜ್ಯಕ್ಕೆ ಕಾರಣವಾದ ಯಾವ ಸಂಗತಿ ಈ ರಾಜ್ಯದಲ್ಲಿ ನಡೆಯಿತೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಸಿವಿಲ್ ದಾವೆಯಾದಲ್ಲಿ ಭಾರತ ಒಕ್ಕೂಟವನ್ನು ಪ್ರತಿವಾದಿಯನ್ನಾಗಿ ಹೆಸರಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದನ್ವಯ ಮುಂಚಿತವಾಗಿ ಲಿಖಿತ ನೋಟೀಸು ನೀಡಿ, ಎರಡು ತಿಂಗಳು ಕಾಯಬೇಕು. ನೋಟೀಸು ಕೇಂದ್ರ ಸರ್ಕಾರದ ಕಾರ್ಯದರ್ಶಿಯವರಿಗೆ, ರೈಲ್ವೆಗೆ ಸಂಬಂಧಿಸಿದ್ದಲ್ಲಿ ಆ ರೈಲ್ವೆಯ ಜನರಲ್ ಮ್ಯಾನೇಜರ್ ಅವರಿಗೆ ತಲುಪಬೇಕೇ ವಿನಾ ಸ್ಥಳೀಯ ಸ್ಟೇಷನ್ ಮಾಸ್ತರರಿಗೆ ಕೊಟ್ಟರೆ ಸಾಲದು. ತುರ್ತು ಸಂದರ್ಭದಲ್ಲಿ ನ್ಯಾಯಾಲಯದ ಅನುಮತಿ ಪಡೆದು, ನೋಟೀಸಿಲ್ಲದೆಯೂ ದಾವೆ ಹೂಡಬಹುದು. ರಿಟ್ ಅರ್ಜಿಗೆ ಈ ನೋಟೀಸಿನ ಅಗತ್ಯವಿಲ್ಲ.

ಕೇಂದ್ರ ಸರ್ಕಾರದ ನೌಕರರ ಸೇವಾ ವಿಷಯಗಳಿಗೆ ಮಾತ್ರ ಮೊದಲು ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗತಕ್ಕದ್ದು. 1997ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಅದರ ಆದೇಶವನ್ನು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದಾಗಿರುತ್ತದೆ.