ಕಿಟಕಿಯ ಮುಂದೆ ಸುರಿದ ಸಮುದ್ರ

ಚೆನ್ನೈನಿಂದ ಪುಣೆಯ ನನ್ನ ಮನೆಗೆ ಬಂದ ಎರಡು ಕ್ಲೌನ್ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ನಾನು ಆತುರ ಮಾಡಿರಲಿಲ್ಲ. ಚೀಲ ಬಿಚ್ಚಿ ಬಕೆಟ್ಟಿಗೆ ಸುರಿದು, ಸಣ್ಣ ಪೈಪಿನಿಂದ ಟ್ಯಾಂಕಿನ ನೀರನ್ನು ಎರಡು ಗಂಟೆ ಹನಿಹನಿಯಾಗಿ ಬಿಟ್ಟಿದ್ದೆ. ತಪ್ಪೆಲ್ಲಿ ಎಂದು ಹುಡುಕಿದಾಗ ಎದುರಾದದ್ದು 1846ರ ಲಂಡನ್.

ಆ ವರ್ಷ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಕಡಲತೀರದಿಂದ ಜೀವಂತ ಹವಳಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ಅಲ್ಲಿ ಸಮುದ್ರದ ನೀರು ದುರ್ಲಭ, ಇದ್ದುದನ್ನೇ ಉಳಿಸಿಕೊಳ್ಳಬೇಕು. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು, ನಾವು ಕಾಫಿ ಆರಿಸುವ ಹಾಗೆ, ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ಸುರಿಯುತ್ತಿದ್ದಳು. ಮುಂದೆ ಥಿನ್ ಕಡಲ ಸಸ್ಯಗಳನ್ನೂ ಸೇರಿಸಿದರು. ಹವಳಗಳು ವರ್ಷಗಟ್ಟಲೆ ಬದುಕಿದವು. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಗೃಹ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದರು, ಲವಣಗಳನ್ನು ಬೆರೆಸಿ ಕೃತಕ ಕಡಲನೀರನ್ನೂ ಮಾಡಿದರು. ಕಡಲು ಕಾಣದ ಊರಲ್ಲಿ ಕಡಲಮೀನು ಸಾಕುವ ನಮ್ಮ ಹವ್ಯಾಸಕ್ಕೆ ದಾರಿಯಾದದ್ದು ಹೀಗೆ.

ಆ ಹುಡುಗಿಯ ಕೈಕೆಲಸದಿಂದ ನೀರಿಗೆ ಆಮ್ಲಜನಕ ಸೇರುತ್ತಿತ್ತು, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿತ್ತು. ಹವಳಕ್ಕೆ ಜೀವ ಕೊಟ್ಟ ಈ ಗಾಳಿಯೇ ನನ್ನ ಮೀನಿಗೆ ಮುಳುವಾಗಿತ್ತು. ಬಿಗಿದು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ದಿನಗಟ್ಟಲೆ ಸಾಗುವ ಮೀನು ಉಸಿರಾಡುತ್ತ ಡೈಆಕ್ಸೈಡನ್ನೂ ಅಮೋನಿಯಾವನ್ನೂ ಬಿಡುತ್ತದೆ. ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುವುದರಿಂದ ಅಮೋನಿಯಾದ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಡೈಆಕ್ಸೈಡ್ ಹಾರಿ, ಪಿಎಚ್ ಏರಿ, ಅದೇ ಅಮೋನಿಯಂ ವಿಷವಾಗುತ್ತದೆ. ಎರಡು ಗಂಟೆ ನಾನು ಮೀನುಗಳನ್ನು ಒಗ್ಗಿಸಿದ್ದು ಆ ವಿಷದಲ್ಲಿ.

ಮನೆಯೊಳಗೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಹನಿ ಪದ್ಧತಿ ಸರಿ. ಆ ನೀರು ಹೊಲಸಾಗಿರುವುದಿಲ್ಲ. ದೂರದಿಂದ ಬಂದ ಮೀನಿಗೆ ಈಗ ನಾನು ಮಾಡುವುದೇ ಬೇರೆ. ಕಳಿಸುವವರು ಯಾವ ಉಪ್ಪಿನಂಶದಲ್ಲಿ ಇಟ್ಟಿದ್ದಾರೆಂದು ಮೊದಲೇ ಕೇಳಿ, ಬೇರೊಂದು ಸಣ್ಣ ಟ್ಯಾಂಕಿನ ನೀರನ್ನು ಅಷ್ಟಕ್ಕೇ ಹೊಂದಿಸುತ್ತೇನೆ. ಮುಚ್ಚಿದ ಚೀಲವನ್ನು ಕಾಲು ಗಂಟೆ ಅದರಲ್ಲಿ ತೇಲಿಬಿಟ್ಟು ಬಿಸಿ ಸಮವಾಗಿಸಿ, ಬಿಚ್ಚಿದ ತಕ್ಷಣ ಮೀನನ್ನಷ್ಟೇ ದಾಟಿಸುತ್ತೇನೆ. ಚೀಲದ ನೀರು ಮೋರಿಗೆ. ಕಡಲಮೀನಿನ ದೇಹದಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ, ಅದು ಕಡಲನೀರು ಕುಡಿದು ಸರಿತೂಗಿಸುತ್ತದೆ. ಆದ್ದರಿಂದ ಉಪ್ಪು ಏರಿಸುವುದು ಮಾತ್ರ ನಿಧಾನವಾಗಿ, ಕೆಲವು ದಿನಗಳಲ್ಲಿ.

ಆಮೇಲೆ ತರಿಸಿದ ಜೋಡಿ ಈಗಲೂ ಈಜಾಡುತ್ತಿದೆ. ಮೊದಲಿನೆರಡು ನನ್ನ ತಾಳ್ಮೆಗೇ ಬಲಿಯಾದವು ಎಂಬುದು ಮಾತ್ರ ಇನ್ನೂ ಚುಚ್ಚುತ್ತದೆ.