ಮದ್ದೂರಿನಿಂದ ಶಿವನಸಮುದ್ರಕ್ಕೆ: ಯಂತ್ರಗಳು ಸಾಗಿದ ದಾರಿ

ಮೈಸೂರು ಸಂಸ್ಥಾನದ ವಿದ್ಯುಚ್ಛಕ್ತಿಯ ಇತಿಹಾಸವು ಸಾಮಾನ್ಯವಾಗಿ ಶಿವನಸಮುದ್ರದ ವಿದ್ಯುದಾಗಾರದಿಂದ ಆರಂಭವಾಗುತ್ತದೆ. ಅಲ್ಲಿಗೆ ಯಂತ್ರಗಳು ಬಂದು ಸೇರಿದ ದಾರಿಯೂ ಆ ಇತಿಹಾಸದ ಅಂಗವೇ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರು–ಮೈಸೂರು ಮೀಟರ್ ಗೇಜ್ ರೈಲುಮಾರ್ಗವು 1881–82ರಲ್ಲಿ ಮದ್ದೂರನ್ನು ಹಾದುಹೋಯಿತು. ಮಳವಳ್ಳಿಯ ಸೀಮೆಗೆ ಹಳಿ ಬರಲಿಲ್ಲ. ಆದುದರಿಂದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿ ಯೋಜನೆಯ ಕೆಲಸ ತೊಡಗಿದಾಗ, ರೈಲಿನಲ್ಲಿ ಬಂದಿಳಿದ ಭಾರವಾದ ಯಂತ್ರಗಳು ಮದ್ದೂರಿನಿಂದ ಮುಂದೆ ಸುಮಾರು 30 ಮೈಲಿಗಳನ್ನು ಎತ್ತಿನ ಗಾಡಿಗಳಲ್ಲಿ, ಆನೆಗಳ ನೆರವಿನಿಂದ ಸಾಗಬೇಕಾಯಿತು. 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದಿನ ಅತ್ಯಾಧುನಿಕ ಶಕ್ತಿಯು ಹೀಗೆ ಎತ್ತುಗಳ ಹೆಗಲನ್ನು ನೆಚ್ಚಿಯೇ ಹುಟ್ಟಿತು.

ಇಂದು ಮೋಟಾರಿನಲ್ಲಿ ಈ ದಾರಿ ಹಿಡಿಯುವವರಿಗೆ ಮಳವಳ್ಳಿಯಲ್ಲಿ ಕವಲು ಸಿಗುತ್ತದೆ. ಒಂದು ದಕ್ಷಿಣಕ್ಕೆ ಜಲಪಾತದತ್ತ ಹೋಗುತ್ತದೆ. ಇನ್ನೊಂದು ಹಲಗೂರಿನ ಮೂಲಕ ಕಾಡಿನೊಳಗಿಳಿದು ಮುತ್ತತ್ತಿಯ ಆಂಜನೇಯನ ಗುಡಿಯನ್ನು ಮುಟ್ಟುತ್ತದೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯೇ ಇಲ್ಲಿ ಶಾಂತಳಾಗಿ ಹರಿಯುತ್ತಾಳೆ. 1987ರಿಂದ ಈ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಮಳವಳ್ಳಿಯ ಮೂಲಕ ಹಾಯಬೇಕಾದ ಹೆಜ್ಜಾಲ–ಚಾಮರಾಜನಗರ ರೈಲುಮಾರ್ಗವು ಮಂಜೂರಾದುದು 1996–97ರಲ್ಲಿ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ದಿವಾನರ ಹೆಸರೂ ಇಂಜಿನಿಯರುಗಳ ಹೆಸರೂ ಗ್ರಂಥಸ್ಥವಾಗಿವೆ. ಗಾಡಿ ಹೊಡೆದವರ ನೆನಪು ಊರುಗಳ ಹಿರಿಯರ ಬಾಯಲ್ಲಿ ಉಳಿದಿದ್ದರೆ ಉಂಟು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ದಾರಿಬದಿಯ ಗ್ರಾಮಗಳಲ್ಲಿ ವಿಚಾರಿಸಿ ಅದನ್ನು ಬರೆದಿಡುವುದು ಒಳಿತು. ತಡವಾದರೆ ಕೇಳಿ ತಿಳಿಯಲು ಯಾರೂ ಇರಲಾರರು.