ದಾರಿ ತೋರಿದವರ ಊರು

ಪ್ರವಾಸಿ ಒಂದು ಊರಿಗೆ ಬರುತ್ತಾನೆ, ನೋಡುತ್ತಾನೆ, ಹೋಗುತ್ತಾನೆ. ಹಾಗೆ ಬಂದು ಹೋದವರು ಬರೆದ ಪುಸ್ತಕಗಳಿಗೆ ಲೋಕದಲ್ಲಿ ಲೆಕ್ಕವಿಲ್ಲ. ಆದರೆ ಬಂದವನನ್ನು ಕೈಹಿಡಿದು ನಡೆಸಿದ ಊರಿನವರು ಏನಾದರು, ಅವರ ಮನೆಮಠಗಳ ಗತಿಯೇನಾಯಿತು ಎಂದು ಕೇಳಿದವರು ಕಡಿಮೆ. ನ್ಯೂಜಿಲೆಂಡಿನ ರೊಟೊರುವಾ ಸೀಮೆಯ ಇತಿಹಾಸ ಈ ಪ್ರಶ್ನೆಗೆ ಉತ್ತರ ಕೊಡಬಲ್ಲದು.

ಆ ದೇಶದ ಉತ್ತರ ದ್ವೀಪದ ನಡುವೆ ನೆಲದೊಳಗಿನ ಬೆಂಕಿ ಇಂದಿಗೂ ಆರಿಲ್ಲ. ಅಲ್ಲಿ ರೊಟೊಮಹಾನಾ ಎಂಬ ಸರೋವರದ ದಡದಲ್ಲಿ ಎರಡು ಸೋಪಾನಮಾಲೆಗಳಿದ್ದುವು. ಒಂದು ಬಿಳಿ, ಇನ್ನೊಂದು ನಸುಗೆಂಪು. ಬುಗ್ಗೆಯಿಂದ ಉಕ್ಕಿದ ಬಿಸಿನೀರು ತಣಿಯುತ್ತ, ತನ್ನಲ್ಲಿ ಕರಗಿದ್ದ ಸಿಲಿಕವನ್ನು ಪದರಪದರವಾಗಿ ಬಿಟ್ಟು, ಶತಮಾನಗಳ ಕಾಲ ಕಟ್ಟಿದ ಮೆಟ್ಟಿಲುಗಳವು. ಮೆಟ್ಟಿಲು ಮೆಟ್ಟಿಲಿನಲ್ಲೂ ಬಿಸಿನೀರಿನ ಕೊಳ. 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್ ಬಂದು ನೋಡಿದನು. 1872ರಲ್ಲಿ ಆಂಗ್ಲ ಕಾದಂಬರಿಕಾರ ಆಂಥನಿ ಟ್ರಾಲಪ್ ಅಲ್ಲಿ ಮಿಂದನು. ಹಡಗು, ಕುದುರೆಗಾಡಿ, ದೋಣಿ ಎಲ್ಲವನ್ನೂ ಹತ್ತಿಳಿದು ಯುರೋಪಿನ ಜನ ಅಲ್ಲಿಗೆ ಬರತೊಡಗಿದರು.

ಈ ಸೋಪಾನಗಳ ಒಡೆಯರು ತೂಹೋರಂಗಿ ಎಂಬ ಮಾವೋರಿ ಪಂಗಡದವರು. ಪ್ರವಾಸಿಗಳು ತಂಗುತ್ತಿದ್ದ ತೆ ವೈರೋವಾ ಗ್ರಾಮ ಅವರದು, ಸರೋವರ ದಾಟಿಸುವ ದೋಣಿ ಅವರದು, ದಾರಿ ತೋರಿಸುವ ಹೆಂಗಸರು ಅವರ ಕಡೆಯವರು. ದೋಣಿಗೆ ಹಣ, ಮಾರ್ಗದರ್ಶಿಗೆ ಹಣ, ಚಿತ್ರ ಬರೆಯುವುದಕ್ಕೂ ಛಾಯಾಚಿತ್ರ ತೆಗೆಯುವುದಕ್ಕೂ ಹಣ. ಬಿಳಿಯ ಪ್ರವಾಸಿಗಳು ಇದನ್ನು ದುರಾಸೆಯೆಂದು ಗೊಣಗಿದರು. ಆದರೆ ತಮ್ಮ ದೇಶದ ಅರಮನೆಗಳನ್ನು ನೋಡಲು ಅದೇ ಜನ ಕಾಸು ಕೊಡುತ್ತಿರಲಿಲ್ಲವೆ? ತೂಹೋರಂಗಿಗಳ ಸಭಾಗೃಹ 'ಹಿನೆಮಿಹಿ' 1881ರ ಸುಮಾರಿಗೆ ಮುಗಿಯಿತು. ಅಲ್ಲಿ ಕೆತ್ತಿದ ಪೂರ್ವಜರ ವಿಗ್ರಹಗಳಿಗೆ ವಾಡಿಕೆಯಂತೆ ಚಿಪ್ಪಿನ ಕಣ್ಣುಗಳನ್ನಿಡಬೇಕು. ಆ ಜನ ಚಿನ್ನದ ನಾಣ್ಯಗಳನ್ನಿಟ್ಟರು! ಪ್ರವಾಸಿಗಳ ಹಣವೇ ಪೂರ್ವಜರ ಕಣ್ಣಾಯಿತು. ಹಣದ ಬೆನ್ನಿಗೆ ಹೆಂಡವೂ ಊರಿಗೆ ಬಂದಿತೆಂಬುದನ್ನು ಮರೆಯುವಂತಿಲ್ಲ.

1886ರ ಜೂನ್ 10ರ ನಡುರಾತ್ರಿ ಕಳೆದ ಮೇಲೆ ತಾರಾವೆರಾ ಪರ್ವತ ಸಿಡಿಯಿತು. ತೆ ವೈರೋವಾ ಕೆಸರು ಬೂದಿಗಳಲ್ಲಿ ಹೂತುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಮಾವೋರಿಗಳು. ಮಾರ್ಗದರ್ಶಿಗಳಲ್ಲಿ ಹೆಸರಾಂತ ಸೋಫಿಯಾ ಹಿನೆರಂಗಿಯ ಗಟ್ಟಿಮುಟ್ಟಾದ ಮನೆಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಹೊಕ್ಕು ಬದುಕಿದರು; ಹಿನೆಮಿಹಿಯೂ ಹಲವರನ್ನು ಉಳಿಸಿತು. ಬೆಳಗಾದಾಗ ಸೋಪಾನಗಳಿರಲಿಲ್ಲ. ಊರು, ಬಂಧುಗಳು, ಜೀವನೋಪಾಯ ಮೂರೂ ಒಂದೇ ರಾತ್ರಿಯಲ್ಲಿ ಹೋದುವು. ಉಳಿದ ಹಿನೆಮಿಹಿಯನ್ನು 1892ರಲ್ಲಿ ಗವರ್ನರ್ ಆನ್ಸ್‌ಲೋ 50 ಪೌಂಡಿಗೆ ಕೊಂಡು, ಇಂಗ್ಲೆಂಡಿನ ತನ್ನ ಉದ್ಯಾನಕ್ಕೆ ಸಾಗಿಸಿದನು.

ಬದುಕಿ ಉಳಿದವರಿಗೆ ರೊಟೊರುವಾದ ಬಳಿ ಫಾಕರೇವರೇವದಲ್ಲಿ ನೆಂಟರು ನೆಲ ಕೊಟ್ಟರು. ಅಲ್ಲಿಯೂ ಬಿಸಿನೀರಿನ ಬುಗ್ಗೆಗಳಿದ್ದುವು. ಸೋಫಿಯಾ ಮತ್ತೆ ದಾರಿ ತೋರಿಸತೊಡಗಿದಳು. ಆದರೆ ಕಾಲ ಬದಲಾಗಿತ್ತು. ಬಿಸಿನೀರಿನ ಸೀಮೆಯನ್ನು ತನ್ನ ಹತೋಟಿಗೆ ತರುವ ಕಾನೂನನ್ನು ಸರ್ಕಾರ 1881ರಲ್ಲಿಯೇ ಮಾಡಿತ್ತು. 1901ರಲ್ಲಿ ಪ್ರವಾಸಕ್ಕಾಗಿಯೇ ಒಂದು ಇಲಾಖೆಯನ್ನು ತೆರೆಯಿತು. ಸರ್ಕಾರವೊಂದು ಹೀಗೆ ಮಾಡಿದ್ದು ಲೋಕದಲ್ಲಿಯೇ ಮೊದಲೆಂದು ಹೇಳುತ್ತಾರೆ. ಇನ್ನು ಮುಂದೆ ಭಿತ್ತಿಚಿತ್ರಗಳಲ್ಲಿ ಬುಗ್ಗೆಯ ಪಕ್ಕದಲ್ಲಿ ಮಾವೋರಿ ಹೆಣ್ಣೂ ನಿಂತಳು. ತೋರಿಸುತ್ತಿದ್ದವರು ತಾವೇ ನೋಟದ ವಸ್ತುಗಳಾದರು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಬರಿಯ ದುಃಖದ ಕಥೆಯಾಗುತ್ತಿತ್ತು. ಆದರೆ ಫಾಕರೇವರೇವದ ಮತ್ತೊಬ್ಬ ಮಾರ್ಗದರ್ಶಿ ಮಕೆರೆತಿ ಇದ್ದಳು. ಪ್ರವಾಸಿಗಳಿಗೆ ಆಕೆ ಮ್ಯಾಗಿ ಪಾಪಕುರಾ. ನಿನ್ನ ಮನೆತನದ ಹೆಸರೇನೆಂದು ಯಾರೋ ಕೇಳಿದಾಗ, ಹತ್ತಿರದಲ್ಲಿದ್ದ ಬುಗ್ಗೆಯ ಹೆಸರನ್ನೇ ಹೇಳಿಬಿಟ್ಟಳೆಂದು ಪ್ರತೀತಿ. 1901ರಲ್ಲಿ ಬ್ರಿಟಿಷ್ ಯುವರಾಜ ದಂಪತಿಗಳಿಗೆ ದಾರಿ ತೋರಿದ ಮೇಲೆ ಆಕೆಯ ಹೆಸರು ದೂರ ಹಬ್ಬಿತು. ಮುಂದೆ ಇಂಗ್ಲೆಂಡಿನಲ್ಲಿ ನೆಲಸಿ, ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿನಿಯಾದಳು. ತನ್ನ ಜನರ ಮದುವೆ, ಮಕ್ಕಳು, ಆಹಾರ, ಮನೆ ಎಲ್ಲವನ್ನೂ ತಾನೇ ಬರೆದಳು. ಪರೀಕ್ಷೆಗೆ ಕೆಲವೇ ವಾರಗಳಿರುವಾಗ, 1930ರಲ್ಲಿ, ತೀರಿಕೊಂಡಳು. ಗ್ರಂಥ 1938ರಲ್ಲಿ ಅಚ್ಚಾಯಿತು. ವಿಶ್ವವಿದ್ಯಾನಿಲಯ ಆಕೆಗೆ ಪದವಿ ಕೊಟ್ಟದ್ದು 2025ರಲ್ಲಿ. ಜೀವಮಾನವಿಡೀ ಪರರ ಪ್ರಶ್ನೆಗಳಿಗೆ ಉತ್ತರ ಹೇಳಿದವಳು, ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಕೊನೆಗೆ ತಾನೇ ನಿರ್ಧರಿಸಿದ್ದಳು.

ಫಾಕರೇವರೇವದ ಕುಟುಂಬಗಳು ಇಂದಿಗೂ ಹಬೆಯೇಳುವ ನೆಲದ ಮೇಲೆ ಮನೆ ಮಾಡಿಕೊಂಡಿವೆ. ಬುಗ್ಗೆಯಲ್ಲಿ ಅಡಿಗೆ ಬೇಯಿಸುತ್ತವೆ, ಬಂದವರಿಗೆ ದಾರಿಯನ್ನೂ ತೋರಿಸುತ್ತವೆ. ಆ ಕಣಿವೆಯಲ್ಲಿ ಸರ್ಕಾರ 1963ರಲ್ಲಿ ಸ್ಥಾಪಿಸಿದ್ದ ಮಾವೋರಿ ಕಲೆ ಹಾಗೂ ಕೈಕಸುಬಿನ ಸಂಸ್ಥೆಯ ಒಡೆತನ 2020ರ ಕಾನೂನಿನಿಂದ ಸ್ಥಳೀಯ ಮಾವೋರಿಗಳ ಕೈಸೇರಿತು. ಸೋಪಾನಗಳನ್ನು ನುಂಗಿದ್ದು ಪರ್ವತ. ಅದರ ಮೇಲೆ ಯಾರೂ ದಾವೆ ಹೂಡಲಾರರು. ಆದರೆ ಮನೆಯ ಯಜಮಾನಿಕೆ ಕೈತಪ್ಪಿದ್ದು ಮನುಷ್ಯರಿಂದ. ಅದನ್ನು ಮನುಷ್ಯರೇ ಹಿಂದಿರುಗಿಸಬೇಕಾಯಿತು. ದೂರದೇಶಕ್ಕೆ ಹೋದಾಗ ನಮಗೆ ದಾರಿ ತೋರುವವರು ಆ ಮನೆಯ ಆಳೋ, ಒಡೆಯರೋ ಎಂದು ಒಮ್ಮೆ ವಿಚಾರಿಸುವುದು ಅತಿಥಿಗೆ ಹೆಚ್ಚಿನ ಭಾರವೇನೂ ಆಗಲಾರದು.